ಹಸಿರುಡುಗೆಯ ಸಾಲಗಾರ

ಎಲೆ ಹಸಿರಾಗಿದ್ದರೆ ಅದರಲ್ಲಿ ಪತ್ರಹರಿತ್ತು ಇದೆ. ಪತ್ರಹರಿತ್ತು ಇದ್ದರೆ ಗಿಡ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಇದು ಶಾಲೆಯಲ್ಲಿ ನಾವೆಲ್ಲ ಕಲಿತ ಪಾಠ. ಪರಾವಲಂಬಿ ಸಸ್ಯಕ್ಕೆ ಉದಾಹರಣೆ ಕೇಳಿದರೆ, ಬೇಲಿಯ ಮೇಲೆ ಹಳದಿ ನೂಲಿನಂತೆ ಹಬ್ಬುವ ಕಸ್ಕ್ಯೂಟದ ಹೆಸರನ್ನು ಮಕ್ಕಳು ಹೇಳುತ್ತಾರೆ. ಆದರೆ ಮೈತುಂಬ ಹಸಿರೆಲೆ ಹೊತ್ತಿದ್ದೂ ನೆರೆಯ ಗಿಡಕ್ಕೆ ಕನ್ನ ಹಾಕುವ ಸಸ್ಯಗಳುಂಟು. ಅಂಥವುಗಳಲ್ಲಿ ಒಂದು, ಯುರೋಪಿನ ಶೀತ ಪ್ರದೇಶದ ಕಾಡುಹೂ ‘ಬಾರ್ಟ್ಸಿಯ ಆಲ್ಪೈನ’.

ಆಲ್ಪ್ಸ್ ಪರ್ವತಗಳಲ್ಲೂ ಸ್ಕ್ಯಾಂಡಿನೇವಿಯ, ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್‌ಗಳಲ್ಲೂ ಬೆಳೆಯುವ ಈ ಗಿಡ ಹೆಚ್ಚೆಂದರೆ 30 ಸೆಂಟಿಮೀಟರ್ ಎತ್ತರ. ತೊಟ್ಟಿಲ್ಲದ, ಅಂಚು ಹಲ್ಲುಹಲ್ಲಾದ ಎಲೆಗಳು ಎದುರುಬದುರಾಗಿ ಜೋಡಿಗೊಂಡಿರುತ್ತವೆ. ಎರಡು ತುಟಿಗಳುಳ್ಳ ಕೊಳವೆಯಾಕಾರದ ಹೂವಿನ ಉದ್ದ ಸುಮಾರು ಎರಡು ಸೆಂಟಿಮೀಟರ್, ಬಣ್ಣ ಕಡುನೇರಳೆ. ಹೂವಿನ ಬಳಿಯ ಎಲೆಗಳಿಗೂ ಅದೇ ಬಣ್ಣ ಹತ್ತಿರುವುದರಿಂದ ಗಿಡದ ತುದಿಯನ್ನು ಶಾಯಿಯಲ್ಲಿ ಅದ್ದಿದಂತೆ ಕಾಣುತ್ತದೆ. ಪರಾಗಸ್ಪರ್ಶಕ್ಕೆ ಮೈತುಂಬ ರೋಮವಿರುವ ದಪ್ಪ ದುಂಬಿಗಳು ಬರುತ್ತವೆ. ಚಳಿಗಾಲದಲ್ಲಿ ಮೇಲ್ಭಾಗ ಸತ್ತರೂ ನೆಲದೊಳಗಿನ ಗುಪ್ತಕಾಂಡ ಬದುಕಿರುತ್ತದೆ.

ಸಸ್ಯಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಸ್ವೀಡನ್ನಿನ ಲಿನೇಯಸ್, ತನ್ನ ಗೆಳೆಯ ಯೋಹಾನ್ ಬಾರ್ಟ್ಶ್ ಎಂಬ ತರುಣ ವೈದ್ಯನ ನೆನಪಿಗೆ ಈ ಹೆಸರಿಟ್ಟ. ದಕ್ಷಿಣ ಅಮೆರಿಕದ ಸುರಿನಾಮಿಗೆ ವೈದ್ಯನಾಗಿ ಹೋದ ಬಾರ್ಟ್ಶ್ 1738ರಲ್ಲಿ ಅಲ್ಲಿಯೇ ತೀರಿಕೊಂಡ.

ಈ ಗಿಡದ ಗುಟ್ಟು ಇರುವುದು ನೆಲದಡಿಯಲ್ಲಿ. ಇದರ ಬೇರುಗಳು ಪಕ್ಕದ ಹುಲ್ಲು ಹಾಗೂ ಕುರುಚಲು ಗಿಡಗಳ ಬೇರನ್ನು ತಾಗಿದಲ್ಲಿ ಸಣ್ಣ ಗಂಟುಗಳಂಥ ಹೀರುಬೇರುಗಳು ಮೂಡುತ್ತವೆ. ಅವು ಆಸರೆ ಗಿಡದ ಬೇರನ್ನು ಕೊರೆದು, ನೀರು ಸಾಗುವ ಕ್ಸೈಲಂ ನಾಳಗಳನ್ನು ಮುಟ್ಟುತ್ತವೆ. ನೀರು, ಲವಣ, ಸ್ವಲ್ಪ ಆಹಾರ ಎಲ್ಲವೂ ಅಲ್ಲಿಂದ ಹರಿದು ಬರುತ್ತವೆ. ಜೊತೆಗೆ ಹಸಿರೆಲೆಗಳು ದ್ಯುತಿಸಂಶ್ಲೇಷಣೆಯನ್ನೂ ನಡೆಸುತ್ತವೆ. ಆದ್ದರಿಂದ ಇದು ಅರೆ ಪರಾವಲಂಬಿ.

ಹಾಗಾದರೆ ಇದು ಬರೀ ಕಳ್ಳ ಗಿಡವೇ? ಅವಸರದ ತೀರ್ಪು ಬೇಡ. ಶೀತ ಪ್ರದೇಶದ ಮಣ್ಣಿನಲ್ಲಿ ತರಗೆಲೆ ಬೇಗ ಕೊಳೆಯುವುದಿಲ್ಲ. ಸಾರಜನಕ ಅದರಲ್ಲೇ ಸಿಕ್ಕಿಕೊಂಡು, ಗಿಡಗಳಿಗೆ ಸದಾ ಬರಗಾಲ. ಉತ್ತರ ಸ್ವೀಡನ್ನಿನ ಅಬಿಸ್ಕೊ ಪ್ರದೇಶದಲ್ಲಿ ನಡೆದು 2002 ಮತ್ತು 2003ರಲ್ಲಿ ಪ್ರಕಟವಾದ ಅಧ್ಯಯನಗಳು ಒಂದು ಸ್ವಾರಸ್ಯವನ್ನು ತಿಳಿಸಿದವು. ಬಾರ್ಟ್ಸಿಯದ ಉದುರಿದ ಎಲೆಗಳಲ್ಲಿ ನೆರೆಯ ಗಿಡಗಳ ಎಲೆಗಳಿಗಿಂತ ಹೆಚ್ಚು ಸಾರಜನಕವಿರುತ್ತದೆ. ಅವು ಬೇಗ ಕೊಳೆಯುತ್ತವೆ. ಆ ಗೊಬ್ಬರ ಸಿಕ್ಕ ಇತರ ಗಿಡಗಳು ಚೆನ್ನಾಗಿ ಬೆಳೆದವು. ಬೇರಿನಿಂದ ಕಿತ್ತುಕೊಂಡದ್ದನ್ನು ಎಲೆಯ ಮೂಲಕ ಮಣ್ಣಿಗೆ ಹಿಂದಿರುಗಿಸುವ ಸಾಲಗಾರ ಇದು! ಕೊಟ್ಟವನಿಗೇ ಮರಳಿಸುವ ಖಾತ್ರಿಯಿಲ್ಲ, ಅಷ್ಟೆ.

ಇಂಥ ಸಸ್ಯವನ್ನು ನೋಡಲು ಆಲ್ಪ್ಸ್‌ಗೇ ಹೋಗಬೇಕಾಗಿಲ್ಲ. ಮಾವಿನ ಕೊಂಬೆಯ ಬದನಿಕೆ ಅರೆ ಪರಾವಲಂಬಿ. ನಮ್ಮ ನಾಡಿನ ಹೆಮ್ಮೆಯಾದ ಶ್ರೀಗಂಧವೂ ಅಷ್ಟೆ. ಅದು ಕೂಡ ಹೀರುಬೇರುಗಳಿಂದ ನೆರೆಯ ಗಿಡಗಳ ಬೇರನ್ನು ಆಶ್ರಯಿಸುತ್ತದೆ. ಆದ್ದರಿಂದಲೇ ಗಂಧದ ಸಸಿಯ ಜೊತೆಯಲ್ಲಿ ತೊಗರಿಯಂಥ ಆಸರೆ ಗಿಡ ಬೆಳೆಸುವ ರೂಢಿಯಿದೆ. ವನಮಹೋತ್ಸವದಲ್ಲಿ ಶಾಲೆಯ ಅಂಗಳವನ್ನು ಗುಡಿಸಿ ಚೊಕ್ಕಟ ಮಾಡಿ, ನಡುವೆ ಗಂಧದ ಸಸಿಯೊಂದನ್ನೇ ನೆಟ್ಟು ಎಷ್ಟು ನೀರೆರೆದರೂ ಅದು ಸೊರಗುತ್ತದೆ. ಪಕ್ಕದಲ್ಲಿ ನಾಲ್ಕು ತೊಗರಿ ಕಾಳು ಊರಿ ನೋಡಿ.

ಮಕ್ಕಳೇ, ಪರೀಕ್ಷೆಯಲ್ಲಿ ‘ಸ್ವಾವಲಂಬಿ’, ‘ಪರಾವಲಂಬಿ’ ಎಂದು ಎರಡು ಪಟ್ಟಿ ಮಾಡಿ ಅಂಕ ಪಡೆಯಿರಿ, ತಪ್ಪೇನಿಲ್ಲ. ಆದರೆ ನಿಸರ್ಗದ ಲೆಕ್ಕದ ಪುಸ್ತಕದಲ್ಲಿ ಆ ಎರಡು ಪಟ್ಟಿಗಳ ನಡುವೆಯೂ ಬಹಳಷ್ಟು ಜಾಗವಿದೆ ಎಂಬುದು ನೆನಪಿರಲಿ.