ಗಿಟಾರ್ ದನಿ ಎಲ್ಲಿ ಹುಟ್ಟುತ್ತೆ? ಆಂಪ್, ಪೆಡಲ್ ಮತ್ತು ಜೇಬಿನ ಲೆಕ್ಕ

ಇಯರ್‌ಫೋನ್ ಇದ್ರೆ ಹಾಕ್ಕೊಳ್ಳಿ, ಇವತ್ತು ಮಾತಿನಷ್ಟೇ ಸದ್ದೂ ಇದೆ. ಓದ್ತಾ ಇರೋರಿಗೆ ಸದ್ದು ಬರೋ ಜಾಗಗಳನ್ನ ಆವರಣದಲ್ಲಿ ಗುರುತು ಮಾಡಿದೀನಿ.

ಹರಪನಹಳ್ಳಿ ಕಡೆಯ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. ಜಾತ್ರೆ, ಗಣೇಶ ಹಬ್ಬದ ರಸಮಂಜರಿ ಕಾರ್ಯಕ್ರಮಗಳಲ್ಲಿ ಗಿಟಾರ್ ನುಡಿಸ್ತಾರೆ. "ಅಣ್ಣಾ, ಗಿಟಾರ್ ವೈರ್ ತಗೊಂಡು ಸೀದಾ ಮಿಕ್ಸರ್‌ಗೆ ಚುಚ್ತೀವಿ. ಕ್ಲೀನ್ ನುಡಿಸಿದ್ರೆ ದನಿ ತೆಳು. ಡಿಸ್ಟಾರ್ಷನ್ ಪೆಡಲ್ ಹಾಕಿದ್ರೆ ಸೊಳ್ಳೆ ಗುಂಯ್ ಅಂದಂಗೆ ಕೇಳ್ತದ. ಕಂತಿನ ಮೇಲೆ ದೊಡ್ಡ ಆಂಪ್, ಇನ್ನೆರಡು ಪೆಡಲ್ ತಗೊಳ್ಳಲಾ?" ಅಂತ ಪ್ರಶ್ನೆ. ಉತ್ತರ ಮೊದಲೇ ಹೇಳ್ತೀನಿ: ಈಗಲೇ ಸಾಲ ಬೇಡ. ಯಾಕೆ ಅಂತ ಹೇಳೋಕೆ ಇಡೀ ಸಂಚಿಕೆ ಬೇಕು.

ತಂತಿಯಿಂದ ವೈರಿಗೆ

ಎಲೆಕ್ಟ್ರಿಕ್ ಗಿಟಾರ್‌ಗೆ ಸ್ವಂತ ಗಂಟಲು ಇಲ್ಲ. ತಂತಿಗಳ ಕೆಳಗೆ ಪಿಕಪ್ ಅಂತ ಒಂದು ಭಾಗ ಇರುತ್ತೆ: ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಅಲುಗಾಡಿದ್ರೆ ಸುರುಳಿಯಲ್ಲಿ ಪುಟ್ಟ ವಿದ್ಯುತ್ ಹುಟ್ಟುತ್ತೆ. ನಮ್ಮ ಡೈನಮೋದ ಅದೇ ತತ್ವ. ಈ ಸಿಗ್ನಲ್ ತೀರಾ ಬಡಪಾಯಿ. ಅದನ್ನ ಸ್ಪೀಕರ್ ತಳ್ಳುವಷ್ಟು ದೊಡ್ಡದು ಮಾಡೋದು ಆಂಪ್ಲಿಫೈಯರ್ ಕೆಲಸ. ದೊಡ್ಡದು ಮಾಡುವಾಗ ದನಿಯ ಬಣ್ಣವೂ ಬದಲಾಗುತ್ತೆ, ಕಥೆ ಇರೋದೇ ಅಲ್ಲಿ.

ತಂಬೂರಿಯ ಜೀವಾಳ

ನಮ್ಮೂರು ಚಿಗಟೇರಿ, ನಾರದಮುನಿ ದೇವರ ಊರು. ನಾರದ ಅಂದ್ರೆ ಕಣ್ಮುಂದೆ ಬರೋದು ಕೈಯಲ್ಲಿರೋ ತಂಬೂರಿ. ಗಿಟಾರ್ ಡಿಸ್ಟಾರ್ಷನ್ ಅರ್ಥ ಆಗ್ಬೇಕಂದ್ರೆ ತಂಬೂರಿಗಿಂತ ಒಳ್ಳೆ ಮೇಷ್ಟ್ರು ಇಲ್ಲ.

ತಂಬೂರಿಯ ಕುದುರೆ ಮೇಲೆ, ತಂತಿಯ ಅಡಿಗೆ ಒಂದು ಎಳೆ ದಾರ ಇಡ್ತಾರೆ. ಅದನ್ನ ಜೀವಾಳ ಅಂತಾರೆ. ದಾರ ಸರಿಯಾದ ಜಾಗಕ್ಕೆ ಬಂದ್ರೆ ತಂತಿ ಕುದುರೆಯನ್ನ ಸವರಿಕೊಂಡು ನುಡಿಯುತ್ತೆ, "ಝೇಂ" ಅನ್ನೋ ತುಂಬು ನಾದ ಬರುತ್ತೆ. ಹಿಂದುಸ್ತಾನಿಯವರು ಅದನ್ನ ಜವಾರಿ ಅಂತಾರೆ. ನಮ್ಮ ಜವಾರಿ ಕೋಳಿಗೂ ಇದಕ್ಕೂ ಸಂಬಂಧ ಇಲ್ಲ ಬಿಡಿ.

ಅಲ್ಲಿ ಆಗೋದೇನು? ಗಿಟಾರ್‌ನ ಐದನೇ ತಂತಿ ಬಿಟ್ಟು ಮೀಟಿದ್ರೆ ಸೆಕೆಂಡಿಗೆ 110 ಸಲ ಕಂಪಿಸುತ್ತೆ. ಅದರ ಜೊತೆಗೆ 220, 330, 440 ಹೀಗೆ ಮೇಲಿನ ಕಂಪನಗಳೂ ಸಣ್ಣಗೆ ಇರ್ತವೆ. ಇವನ್ನ ಹಾರ್ಮೋನಿಕ್ಸ್ ಅಂತಾರೆ, ಕನ್ನಡದಲ್ಲಿ ಉಪಸ್ವರ ಅನ್ನೋಣ. ಇವುಗಳಲ್ಲಿ ಯಾವುದು ಎಷ್ಟಿದೆ ಅನ್ನೋದೇ ಬಹುಪಾಲು ದನಿಯ ಬಣ್ಣ, ಅಂದ್ರೆ ಟೋನ್. ಜೀವಾಳ ಉಪಸ್ವರಗಳನ್ನ ಎತ್ತಿ ಕೊಡುತ್ತೆ. ಡಿಸ್ಟಾರ್ಷನ್ ಕೂಡ ಉಪಸ್ವರ ಹೆಚ್ಚಿಸೋ ಕೆಲಸವೇ, ಆದ್ರೆ ದಾರಿ ಬೇರೆ.

ಒಡೆದ ದನಿ

ಆಂಪ್‌ಗೆ ಒಂದು ಮಿತಿ ಇದೆ. ಸಿಗ್ನಲ್ ಅದಕ್ಕಿಂತ ದೊಡ್ಡದಾದ್ರೆ ಅಲೆಯ ತಲೆ, ಬುಡ ಎರಡೂ ಕತ್ತರಿಸಿ ಹೋಗ್ತವೆ. ಇದೇ ಕ್ಲಿಪ್ಪಿಂಗ್. ಮೈಕ್ ಬಾಯಿಗೆ ಒತ್ತಿ ಹಿಡಿದು ಕೂಗಿದಾಗ ಹಾರ್ನ್‌ನಲ್ಲಿ "ಸೌಂಡ್ ಒಡೀತಿದೆ" ಅಂತೀವಲ್ಲ, ಅದೇ. ಎರಡೂ ಬದಿ ಒಂದೇ ಸಮ ಕತ್ತರಿಸಿದ್ರೆ ಮೂರು, ಐದು, ಏಳು ಅಂತ ಬೆಸ ಉಪಸ್ವರ ಹುಟ್ತವೆ. ಒಂದು ಬದಿ ಜಾಸ್ತಿ ಕತ್ತರಿಸಿದ್ರೆ ಸಮ ಸಂಖ್ಯೆಯವೂ ಸೇರ್ಕೊಳ್ತವೆ. ಹಳೇ ವಾಲ್ವ್ ರೇಡಿಯೊದಲ್ಲಿ ಇದ್ದಂಥ ವಾಲ್ವ್‌ಗಳ ಆಂಪ್ ಮೆಲ್ಲಗೆ, ದುಂಡಗೆ ಕತ್ತರಿಸುತ್ತೆ. ಸಾದಾ ಟ್ರಾನ್ಸಿಸ್ಟರ್ ಆಂಪ್ ಮಿತಿ ಮೀರಿದ್ರೆ ಚಾಕು ಹಾಕಿದಂಗೆ ಕತ್ತರಿಸುತ್ತೆ.

(ಗಿಟಾರ್: ಮೊದಲು ಕ್ಲೀನ್, ನಂತರ ಅದೇ ಸ್ವರ ಒಡೆದ ದನಿಯಲ್ಲಿ)

ಎಂಜಿನಿಯರುಗಳಿಗೆ ಇದು ದೋಷ, ವಾದಕರಿಗೆ ರುಚಿ. 1951ರ "ರಾಕೆಟ್ 88" ಹಾಡಿನ ಗಿಟಾರ್ ದನಿ ಬಂದಿದ್ದು ಪೆಟ್ಟು ತಿಂದ ಆಂಪ್‌ನಿಂದ. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಬ್ಲೇಡಿನಿಂದ ಸ್ಪೀಕರ್ ಕಾಗದವನ್ನೇ ಸೀಳಿ ಆ ದನಿ ತೆಗೆದ್ರು. ಅಷ್ಟರಲ್ಲಿ, 1962ರಲ್ಲೇ, ಮೇಸ್ಟ್ರೊ ಫಝ್-ಟೋನ್ ಅನ್ನೋ ಪೆಡಲ್ ಬಂದಿತ್ತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ "ಸ್ಯಾಟಿಸ್ಫ್ಯಾಕ್ಷನ್" ಅದರಿಂದಲೇ ಗುರುತಾಯ್ತು. ಅಲ್ಲಿಂದ ಮುಂದೆ ಆಂಪ್ ಹಾಳು ಮಾಡೋ ಅಗತ್ಯ ಇರಲಿಲ್ಲ, ಕಾಲಲ್ಲಿ ಒತ್ತಿದ್ರೆ ಸಾಕು. ಆ ದನಿ ನಮ್ಮ ರಾಜ್ಯಕ್ಕೂ ಬಂತು. 1998ರಲ್ಲಿ ಶುರುವಾದ ಬೆಂಗಳೂರಿನ ಕ್ರಿಪ್ಟೋಸ್ ತಂಡ ಇದೇ ದನಿಯ ಮೇಲೆ ನಿಂತಿದೆ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿ ಹೋದ್ರು.

ಇನ್ನೊಂದು ವಿಷ್ಯ. ಒಡೆದ ದನಿಯಲ್ಲಿ ಎರಡು ಸ್ವರ ಒಟ್ಟಿಗೆ ನುಡಿಸಿದ್ರೆ ಅವುಗಳ ನಡುವಿನ ವ್ಯತ್ಯಾಸವೂ ಸ್ವರವಾಗಿ ಕೇಳುತ್ತೆ. 110 ಮತ್ತು 165, ಅಂದ್ರೆ ಸ ಮತ್ತು ಪ, ಒಟ್ಟಿಗೆ ನುಡಿಸಿ. ವ್ಯತ್ಯಾಸ 55, ಅದು ಕೆಳಗಿನ ಸ್ಥಾಯಿಯ ಸ. ದನಿ ಗುಡ್ಡದಂಗೆ ನಿಲ್ಲುತ್ತೆ. ಪವರ್ ಕಾರ್ಡ್ ಅನ್ನೋದು ಇದೇ. ಆರೂ ತಂತಿಯ ಪೂರ್ತಿ ಕಾರ್ಡ್ ನುಡಿಸಿದ್ರೆ ಇಂಥ ವ್ಯತ್ಯಾಸಗಳು ಹತ್ತಾರು ಹುಟ್ಟಿ ಕೆಸರಾಗುತ್ತೆ. ಅದಕ್ಕೆ 1981ರ "ಗೀತಾ" ಚಿತ್ರದ ಇಳಯರಾಜ ಹಾಡು ನುಡಿಸುವಾಗ ಪೂರ್ತಿ ಕಾರ್ಡ್ ಬೇಕಿದ್ರೆ ಗೇನ್ ಇಳಿಸಿ.

ಸೊಳ್ಳೆ ಎಲ್ಲಿಂದ ಬಂತು?

ಈಗ ಮುಖ್ಯ ಮಾತು. ಗಿಟಾರ್ ಆಂಪ್‌ನಲ್ಲಿ ನಾಲ್ಕು ಕೋಣೆ ಇದೆ ಅಂದ್ಕೊಳ್ಳಿ. ಪ್ರೀಆಂಪ್ ಸಿಗ್ನಲ್ ಎತ್ತುತ್ತೆ, ಗೇನ್ ಗುಂಡಿ ಇಲ್ಲಿಯದು. ಬಾಸ್, ಮಿಡ್, ಟ್ರೆಬಲ್ ಗುಂಡಿಗಳು ಬಣ್ಣ ತಿದ್ದುತ್ತವೆ. ಪವರ್ ಆಂಪ್ ಶಕ್ತಿ ಕೊಡುತ್ತೆ. ಕೊನೆಗೆ ಸ್ಪೀಕರ್. ಎಲ್ಲರೂ ಮರೆಯೋದು ಈ ಸ್ಪೀಕರನ್ನೇ.

ಗಿಟಾರ್ ಆಂಪ್‌ನ 12 ಇಂಚಿನ ಕಾಗದದ ಸ್ಪೀಕರ್ ಸುಮಾರು 5,000 ಹರ್ಟ್ಝ್ ದಾಟಿದ ಮೇಲೆ ಕೈ ಚೆಲ್ಲುತ್ತೆ. ಅದೇ ಅದರ ಪುಣ್ಯ. ಡಿಸ್ಟಾರ್ಷನ್ ಹುಟ್ಟಿಸಿದ ಚೂಪು ಉಪಸ್ವರಗಳನ್ನ ಅದು ಜರಡಿ ಹಿಡಿಯುತ್ತೆ. ಮಿಕ್ಸರ್‌ಗೆ ಸೀದಾ ಚುಚ್ಚಿದಾಗ ಆ ಜರಡಿ ಇಲ್ಲ. ಜಾತ್ರೆ ಸೌಂಡ್ ಸಿಸ್ಟಮ್‌ನ ಟ್ವೀಟರ್‌ಗಳು 15,000ದವರೆಗೂ ಕಿರುಚ್ತವೆ. ಸೊಳ್ಳೆ ಅಲ್ಲಿಯದು. ಪೆಡಲ್ ಬದಲಾಯಿಸಿದ್ರೆ ಸೊಳ್ಳೆ ಹೋಗಲ್ಲ.

ಕ್ಲೀನ್ ದನಿ ತೆಳುವಾಗೋಕೆ ಕಾರಣ ಬೇರೆ. ಗಿಟಾರ್ ಆಂಪ್‌ನ ಇನ್‌ಪುಟ್ ಸಾಮಾನ್ಯವಾಗಿ ಸುಮಾರು 10 ಲಕ್ಷ ಓಮ್. ಮಿಕ್ಸರ್‌ನ ಲೈನ್ ಇನ್‌ಪುಟ್ 10 ಸಾವಿರದ ಆಸುಪಾಸು. ಪಿಕಪ್‌ನ ಬಡಪಾಯಿ ಸಿಗ್ನಲ್ ಅಲ್ಲಿ ಕುಸಿದುಹೋಗುತ್ತೆ. ನಡುವೆ ಡಿಐ ಬಾಕ್ಸ್ ಇಟ್ರೆ ಸರಿ.

(ಗಿಟಾರ್: ಸೀದಾ ಮಿಕ್ಸರ್‌ಗೆ ಡಿಸ್ಟಾರ್ಷನ್, ನಂತರ ಸ್ಪೀಕರ್ ಸಿಮ್ಯುಲೇಶನ್ ಸೇರಿಸಿ)

ಕೇಳಿದ್ರಲ್ಲ? ಎರಡರಲ್ಲೂ ಅದೇ ಗಿಟಾರ್, ಅದೇ ಪೆಡಲ್.

ಪೆಡಲ್‌ಗಳ ಮೂರು ಮನೆ

ಮೊದಲನೇ ಮನೆ ದನಿ ಒಡೆಯೋರದು: ಓವರ್‌ಡ್ರೈವ್, ಡಿಸ್ಟಾರ್ಷನ್, ಫಝ್. ಮೆದುವಾಗಿ ಒಡೆದ್ರೆ ಓವರ್‌ಡ್ರೈವ್, ಪೂರ್ತಿ ಚಿಂದಿ ಮಾಡಿದ್ರೆ ಫಝ್. 1978ರಲ್ಲಿ ಬಂದ ಬಾಸ್ ಕಂಪನಿಯ ಕಿತ್ತಳೆ ಬಣ್ಣದ ಡಿಎಸ್-1 ಇವತ್ತಿಗೂ ಸಿಗುತ್ತೆ. ಇಬಾನೆಜ್‌ನ ಹಸಿರು ಟ್ಯೂಬ್ ಸ್ಕ್ರೀಮರ್ ತಳದ ದನಿ ಕತ್ತರಿಸಿ 700 ಹರ್ಟ್ಝ್ ಸುತ್ತಮುತ್ತ ಎತ್ತುತ್ತೆ. ಒಬ್ಬರೇ ನುಡಿಸುವಾಗ ಮೂಗಲ್ಲಿ ಹಾಡಿದಂಗೆ ಅನ್ಸುತ್ತೆ. ಕೀಬೋರ್ಡು, ಪ್ಯಾಡು, ಬಾಸ್ ಗಿಟಾರ್ ನಡುವೆ ಮಾತ್ರ ಅದೇ ದನಿ ಮುಂದೆ ಬರುತ್ತೆ.

ಎರಡನೇದು ಬಣ್ಣ ಬದಲಿಸೋರದು. ವಾ ಪೆಡಲ್ ಬಾಯಿ ತೆರೆದು ಮುಚ್ಚಿದಂಗೆ ದನಿಯ ಒಂದು ಭಾಗವನ್ನ ಎತ್ತಿ ಓಡಾಡಿಸುತ್ತೆ. ಕೋರಸ್ ಪೆಡಲ್ ಅದೇ ದನಿಯ ಪ್ರತಿಯನ್ನ ಚೂರು ತಡವಾಗಿ, ಚೂರು ಶ್ರುತಿ ಆಚೀಚೆ ಮಾಡಿ ಸೇರಿಸುತ್ತೆ. ಭಜನೆಯಲ್ಲಿ ಹತ್ತು ಜನ ಒಟ್ಟಿಗೆ ಹಾಡಿದಂಗೆ.

ಮೂರನೇದು ಜಾಗ ಸೃಷ್ಟಿಸೋರದು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ಉಚ್ಚಂಗಿದುರ್ಗದಲ್ಲಿ 170 ಮೀಟರ್ ದೂರದ ಬಂಡೆಗೆ ಕೂಗಿದ್ರೆ ಪ್ರತಿಧ್ವನಿ ಒಂದು ಸೆಕೆಂಡಿಗೆ ವಾಪಸ್. ಡಿಲೇ ಪೆಡಲ್ ಆ ಬಂಡೆಯನ್ನ ಡಬ್ಬಿಯೊಳಗೆ ಇಟ್ಟಿರುತ್ತೆ. ರಿವರ್ಬ್ ಗುಡಿಯ ಒಳಗಿನ ಗುಂಯ್‌ಗುಡುವಿಕೆ.

ಸಾಮಾನ್ಯ ಕ್ರಮ: ಟ್ಯೂನರ್, ವಾ, ಓವರ್‌ಡ್ರೈವ್, ಕೋರಸ್, ಡಿಲೇ, ರಿವರ್ಬ್. ಕ್ರಮ ಯಾಕೆ ಮುಖ್ಯ? ಮೆಣಸಿನಕಾಯಿಗೆ ಹಿಟ್ಟು ಹಚ್ಚಿ ಕರಿದ್ರೆ ಮಿರ್ಚಿ. ಕರಿದ ಮೇಲೆ ಹಸಿ ಹಿಟ್ಟು ಹಚ್ಚಿದ್ರೆ ಯಾರು ತಿಂತಾರೆ? ಹಂಗೇ, ಡಿಲೇ ಮುಂದಿಟ್ಟು ಡಿಸ್ಟಾರ್ಷನ್ ಹಿಂದಿಟ್ರೆ ಪ್ರತಿಧ್ವನಿಗಳೆಲ್ಲ ಒಟ್ಟಿಗೆ ಒಡೆದು ಕಲಸುಮೇಲೋಗರ. ಬೇಕಂತಲೇ ಹಂಗೆ ಮಾಡೋರೂ ಇದಾರೆ, ಅದು ಬೇರೆ.

ಪೆಡಲ್‌ಗೆ ಕರೆಂಟ್ ಕೊಡೋ ಮುಂಚೆ ಲೇಬಲ್ ನೋಡಿ. ಬಹುತೇಕ ಪೆಡಲ್‌ಗಳಿಗೆ 9 ವೋಲ್ಟ್, ಪಿನ್ನಿನ ಒಳಭಾಗ ಮೈನಸ್. ಮನೇಲಿರೋ ಎಷ್ಟೋ ಅಡಾಪ್ಟರ್‌ಗಳಲ್ಲಿ ಒಳಭಾಗ ಪ್ಲಸ್.

ಬಿ.ಕಾಂ. ಲೆಕ್ಕ

ವ್ಯಾಟ್‌ನಿಂದ ಶುರು ಮಾಡೋಣ. 10 ವ್ಯಾಟ್‌ನಿಂದ 100 ವ್ಯಾಟ್‌ಗೆ ಹೋದ್ರೆ ಕಿವಿಗೆ ಸದ್ದು ಹೆಚ್ಚುಕಮ್ಮಿ ಎರಡು ಪಟ್ಟು ಅನ್ಸುತ್ತೆ, ಹತ್ತು ಪಟ್ಟಲ್ಲ. ಜನಕ್ಕೆ ಕೇಳಿಸೋ ಕೆಲಸ ಸೌಂಡ್ ಸಿಸ್ಟಮ್‌ನೋರದು. ಪುಟ್ಟ ಆಂಪ್ ಇಟ್ಟು, ಅದರ ಸ್ಪೀಕರ್ ಎದುರಿಗೆ ಹಾಡೋ ಮೈಕ್ ಒಂದನ್ನ ನಿಲ್ಲಿಸಿದ್ರೆ ಸಾಕು. ಆಂಪ್ ಇಲ್ಲದಿದ್ರೆ ಸ್ಪೀಕರ್ ಸಿಮ್ಯುಲೇಶನ್ ಇರೋ ಒಂದು ಮಲ್ಟಿ-ಎಫೆಕ್ಟ್ ಪೆಡಲ್. ಮೊದಲ ಖರ್ಚು ಅದಕ್ಕೆ, ಅದೂ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಲೇಸು. ಜೊತೆಗೆ ಹೊಸ ತಂತಿ. ಟ್ಯೂನರ್ ಫೋನಲ್ಲಿ ಪುಕ್ಕಟೆ ಸಿಗುತ್ತೆ. ಅಭ್ಯಾಸಕ್ಕೆ ಆಂಪ್ ಆ್ಯಪ್‌ಗಳೂ ಇದಾವೆ, ಆದ್ರೆ ಬ್ಲೂಟೂತ್ ಇಯರ್‌ಬಡ್ ಬೇಡ. ಮೀಟಿದ ಮೇಲೆ ದನಿ ತಡವಾಗಿ ಬಂದು ತಾಳ ತಪ್ಪುತ್ತೆ.

ಸಾಲದ ಮಾತು. ಕಂತು ವರ್ಷದ 12 ತಿಂಗಳೂ ಬರುತ್ತೆ. ರಸಮಂಜರಿ ದುಡ್ಡು ಜಾತ್ರೆ ಮತ್ತು ಹಬ್ಬದ ತಿಂಗಳಲ್ಲಿ ಮಾತ್ರ. ಕಳೆದ ವರ್ಷ ಎಷ್ಟು ಕಾರ್ಯಕ್ರಮ, ಬಸ್ ಚಾರ್ಜು ಕಳೆದು ಕೈಗೆ ಉಳಿದಿದ್ದು ಎಷ್ಟು, ಬರೆದು 12ರಿಂದ ಭಾಗಿಸಿ. ಕಂತು ಆ ಮೊತ್ತಕ್ಕಿಂತ ಜಾಸ್ತಿ ಇದ್ರೆ ಆ ಸಾಲ ಕಟ್ಟೋದು ಗಿಟಾರ್ ಅಲ್ಲ, ಮನೆಯೋರು.

ಗುಂಯ್ ಸದ್ದು ಮತ್ತು ಮೂರನೇ ಪಿನ್

ಕೊನೇದು, ದಯವಿಟ್ಟು ಸ್ಕಿಪ್ ಮಾಡ್ಬೇಡಿ. ನಮ್ಮ ಕರೆಂಟ್ 50 ಹರ್ಟ್ಝ್. ಪಿಕಪ್‌ನ ಸುರುಳಿ ಆ ಗುಂಯ್ ಸದ್ದನ್ನೂ ಹಿಡಿಯುತ್ತೆ. ಅದನ್ನ ತಪ್ಪಿಸೋಕೆ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಎರಡು ಸುರುಳಿಯ ಹಂಬಕರ್ ಪಿಕಪ್ ರೂಪಿಸಿದ್ರು. ಒಂದು ಸುರುಳಿ ಹಿಡಿದ ಗುಂಯ್ ಅನ್ನು ಇನ್ನೊಂದು ಅಳಿಸುತ್ತೆ.

ನಮ್ಮ ಕಡೆ ಕೆಲವರು ಗುಂಯ್ ಸದ್ದು ನಿಲ್ಲಿಸೋಕೆ ಆಂಪ್ ಪ್ಲಗ್ಗಿನ ಅರ್ತ್ ಪಿನ್ ಕಿತ್ತು ಹಾಕ್ತಾರೆ. ಯಾವತ್ತೂ ಬೇಡ. ಗಿಟಾರ್ ತಂತಿಗಳು ವೈರ್ ಮೂಲಕ ಆಂಪ್‌ನ ಅರ್ತ್‌ಗೇ ಕೂಡಿರ್ತವೆ. ಅರ್ತ್ ಇಲ್ಲದ ಆಂಪ್‌ನೊಳಗೆ ದೋಷ ಆದ್ರೆ ಮೇನ್ಸ್ ಕರೆಂಟ್ ತಂತಿಗೆ ಬರುತ್ತೆ. ಕೈ ತಂತಿ ಮೇಲೆ, ತುಟಿ ಮೈಕ್ ಜಾಲರಿ ಮೇಲೆ. ಸರ್ಕ್ಯೂಟ್ ಪೂರ್ತಿ ಆಗೋದು ಎದೆಯ ಮೂಲಕ. 1972ರಲ್ಲಿ ಬ್ರಿಟನ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವಿ ಅರ್ತ್ ಸರಿ ಇಲ್ಲದ ವೇದಿಕೆಯಲ್ಲಿ ಮೈಕ್ ಮುಟ್ಟಿ ಜೀವ ಬಿಟ್ರು.

ಜನರೇಟರ್ ಇರಲಿ, ಕಂಬದ ಕರೆಂಟ್ ಇರಲಿ, ಆಂಪ್ ಮತ್ತು ಮಿಕ್ಸರ್ ಎರಡಕ್ಕೂ ಅರ್ತ್ ಇರೋ ಒಂದೇ ಬೋರ್ಡಿನಿಂದ ಕರೆಂಟ್ ತಗೊಳ್ಳಿ. ಬೋರ್ಡಿಗೆ ಇಎಲ್‌ಸಿಬಿ ಹಾಕಿದಾರಾ ಅಂತ ಎಲೆಕ್ಟ್ರಿಷಿಯನ್‌ನ ಕೇಳಿ. ಹಾಡೋ ಮುಂಚೆ ಮೈಕ್ ಜಾಲರಿಗೆ ಟೆಸ್ಟರ್ ಹಚ್ಚಿ ನೋಡಿ, ಉರಿದ್ರೆ ವೇದಿಕೆ ಇಳಿದುಬಿಡಿ. ಕಾರ್ಯಕ್ರಮ ಅರ್ಧ ಗಂಟೆ ತಡವಾದ್ರೆ ಜನ ಬೈಬಹುದು, ಬೈಲಿ.

ಮುಂದಿನ ಸಂಚಿಕೆಯಲ್ಲಿ ಬಾಸ್ ಗಿಟಾರ್. ನಿಮ್ಮ ತಂಡದ ವೈರಿಂಗ್ ಚಿತ್ರ ಬಿಡಿಸಿ ಕಳಿಸಿ, ಒಟ್ಟಿಗೆ ಕೂತು ನೋಡೋಣ.