ಲಿತ್ ಮುದ್ರಣದಲ್ಲಿ ವರ್ಣವ್ಯತ್ಯಾಸದ ನಿಯಂತ್ರಣ: ಡಾರ್ಕ್‌ರೂಮಿನ ವೃತ್ತಿಜ್ಞಾನ

ವೃತ್ತಿಜ್ಞಾನವೆಂದರೆ ಕುಂಬಾರಿಕೆ, ನೇಯ್ಗೆ, ಕಮ್ಮಾರಿಕೆಗಳು ಮಾತ್ರ ಎಂಬ ಭಾವನೆ ಜಾನಪದ ಅಧ್ಯಯನದಿಂದ ಇನ್ನೂ ಪೂರ್ಣವಾಗಿ ತೊಲಗಿಲ್ಲ. ಫೋಟೊ ಸ್ಟುಡಿಯೊಗಳ ಡಾರ್ಕ್‌ರೂಮಿನಲ್ಲಿ ಕೈಯಿಂದ ಕೈಗೆ ದಾಟಿದ ತಿಳಿವಳಿಕೆಯೂ ಆ ವರ್ಗಕ್ಕೇ ಸೇರಿದ್ದು. ಡಿಜಿಟಲ್ ತಂತ್ರದ ಬರವಿನೊಂದಿಗೆ ಅದು ದಾಖಲೆಯಾಗದೆಯೇ ಮರೆಯಾಗುತ್ತಿದೆ. ಲಿತ್ ಮುದ್ರಣ ಇದಕ್ಕೊಂದು ನಿದರ್ಶನ.

ಲಿತ್ ಡೆವಲಪರ್ ಮೂಲತಃ ಮುದ್ರಣಾಲಯದ ಸಾಮಗ್ರಿ. ಆಫ್‌ಸೆಟ್ ಪ್ಲೇಟಿಗೆ ಬೇಕಾದ, ನಡುವಣ ಛಾಯೆಗಳಿಲ್ಲದ ಅಚ್ಚಗಪ್ಪು ಫಿಲ್ಮನ್ನು ಅದರಿಂದ ಸಿದ್ಧಪಡಿಸುತ್ತಿದ್ದರು. ಕಂಪ್ಯೂಟರಿನಿಂದ ನೇರವಾಗಿ ಪ್ಲೇಟ್ ತಯಾರಾಗತೊಡಗಿದ ಮೇಲೆ ಆ ಬಳಕೆ ಕುಗ್ಗಿತು. ಅದೇ ಡೆವಲಪರಿಗೆ ಯಥೇಚ್ಛ ನೀರು ಬೆರೆಸಿ, ಸಾಮಾನ್ಯಕ್ಕಿಂತ ನಾಲ್ಕರಿಂದ ಎಂಟು ಪಟ್ಟು ಬೆಳಕು ಉಣಿಸಿದ ಕಪ್ಪು-ಬಿಳುಪು ಕಾಗದವನ್ನು ಅದರಲ್ಲಿ ಮುಳುಗಿಸಿದರೆ ಕೆನೆ, ಗುಲಾಬಿ, ಕಂದು ಬಣ್ಣಗಳು ಮೂಡುತ್ತವೆ. ಇಲ್ಲಿ ಯಾವ ಬಣ್ಣವನ್ನೂ ಹೊರಗಿನಿಂದ ಸೇರಿಸುವುದಿಲ್ಲ. ಬೆಳ್ಳಿಯ ಕಣ ಸಣ್ಣದಿದ್ದಾಗ ಚಿತ್ರ ಬೆಚ್ಚಗಿನ ಬಣ್ಣದ್ದಾಗಿಯೂ, ಕಣ ಬೆಳೆದಂತೆ ತಣ್ಣನೆಯ ಕಪ್ಪಾಗಿಯೂ ಕಾಣುತ್ತದೆ.

ಹೈಡ್ರೊಕ್ವಿನೋನ್ ಉತ್ಕರ್ಷಣಗೊಂಡಾಗ ಹುಟ್ಟುವ ಪದಾರ್ಥಗಳು ಮುಂದಿನ ಕ್ರಿಯೆಯನ್ನು ಇನ್ನಷ್ಟು ಚುರುಕುಗೊಳಿಸುತ್ತವೆ. ಸಲ್ಫೈಟ್ ಕಡಿಮೆಯಿರುವುದರಿಂದ ಅವುಗಳಿಗೆ ತಡೆಯಿಲ್ಲ. ಹೀಗಾಗಿ ಹತ್ತು ನಿಮಿಷ ಮಂದವಾಗಿ ಸಾಗಿದ ಕೆಲಸ ಕೊನೆಯ ಕೆಲವೇ ಕ್ಷಣಗಳಲ್ಲಿ ಬೆಂಕಿ ಹತ್ತಿದಂತೆ ಹಬ್ಬುತ್ತದೆ. ಕೆಂಪು ದೀಪದ ಬೆಳಕಿನಲ್ಲಿ ನೆರಳಿನ ಭಾಗ ಕಪ್ಪಾಗುವುದನ್ನು ಕಣ್ಣಿಟ್ಟು ನೋಡಿ, ತಕ್ಕ ಗಳಿಗೆಯಲ್ಲಿ ಕಾಗದವನ್ನು ಹೊರಗೆಳೆಯುವುದೇ ಮುದ್ರಕನ ಹಸ್ತಕೌಶಲ. ಗಡಿಯಾರ ಅಲ್ಲಿ ಸಹಾಯಕ ಮಾತ್ರ. ತಿಳಿಭಾಗಗಳನ್ನು ಬೆಳಕೂ ಕಡುಭಾಗಗಳನ್ನು ಹೊರಗೆಳೆಯುವ ಗಳಿಗೆಯೂ ನಿರ್ಧರಿಸುತ್ತವೆ ಎಂಬುದು ಇಲ್ಲಿನ ಮೂಲಸೂತ್ರ. ಬೆಳಕು ಹೆಚ್ಚಿಸಿ ಬೇಗ ಹೊರತೆಗೆದರೆ ಬಣ್ಣ ಬೆಚ್ಚಗಾಗುತ್ತದೆ, ಕಾಂಟ್ರಾಸ್ಟ್ ತಗ್ಗುತ್ತದೆ.

ಆದರೂ ಒಂದೇ ನೆಗೆಟಿವಿನ ಎರಡು ಪ್ರತಿಗಳು ಒಂದೇ ಬಣ್ಣಕ್ಕೆ ಬರುವುದು ವಿರಳ. ಪ್ರತಿ ಕಾಗದವೂ ದ್ರಾವಣವನ್ನು ಬದಲಿಸಿಬಿಡುತ್ತದೆ. ಹೊಸ ಡೆವಲಪರಿನಲ್ಲಿ ಮೊದಲ ಒಂದೆರಡು ಪ್ರತಿಗಳು ಸಪ್ಪೆಯಾಗಿರುತ್ತವೆ; ಅದು ಹಳತಾದಂತೆ ಬಣ್ಣ ಗಾಢವಾಗುತ್ತದೆ, ಸಮಯ ಹಿಗ್ಗುತ್ತದೆ; ತೀರಾ ಸವೆದಾಗ ಕರಿಮೆಣಸು ಚೆಲ್ಲಿದಂತೆ ಕಪ್ಪುಚುಕ್ಕೆಗಳು ಏಳುತ್ತವೆ. ಆದ್ದರಿಂದ ಅನುಭವಿಗಳು ಬಳಸಿ ಕಂದಾದ ಡೆವಲಪರನ್ನು ತೆಗೆದಿರಿಸಿ ಹೊಸದಕ್ಕೆ ಬೆರೆಸುತ್ತಾರೆ. ಹಾಲಿಗೆ ಹೆಪ್ಪು ಹಾಕುವ ಮನೆಯಾಕೆಗೆ ಈ ಕ್ರಮವನ್ನು ವಿವರಿಸಬೇಕಾಗಿಲ್ಲ. ಹೆಪ್ಪಿನ ಪ್ರಮಾಣ, ಬಿಸಿಲು, ಪಾತ್ರೆ ಬದಲಾದರೆ ಮೊಸರಿನ ಹದವೂ ಬದಲಾಗುತ್ತದೆಯಲ್ಲವೆ? ಪ್ರತಿ ಪ್ರತಿಯ ನಂತರ ಅಳತೆಮಾಡಿ ಹೊಸ ದ್ರಾವಣ ಪೂರೈಸುವುದು, ಟ್ರೇಯ ಕೆಳಗೆ ಬಿಸಿನೀರಿನ ತೊಟ್ಟಿಯಿಟ್ಟು ಉಷ್ಣತೆ ಕಾಯುವುದು ಇದೇ ತರ್ಕದ ಮುಂದುವರಿಕೆ.

ನೀರಿನ ಸಂಗತಿಯನ್ನು ಪುಸ್ತಕಗಳು ಒಂದೆರಡು ವಾಕ್ಯಗಳಲ್ಲಿ ಮುಗಿಸುತ್ತವೆ. ವರ್ತೂರಿನಂತಹ ಊರಿನಲ್ಲಿ ಅದು ಅಷ್ಟು ಸಣ್ಣದಲ್ಲ. 2015ರಲ್ಲಿ ಕೆರೆಯ ನೊರೆ ರಸ್ತೆಗೆ ಉಕ್ಕಿ ಸುದ್ದಿಯಾದ ಈ ಭಾಗದ ಜನ ಕೊಳವೆಬಾವಿ, ಟ್ಯಾಂಕರುಗಳನ್ನೇ ಬಹುಕಾಲ ನೆಚ್ಚಿದವರು. ಗಡಸು ನೀರಿನ ಕ್ಯಾಲ್ಸಿಯಂ, ಡೆವಲಪರಿನ ಕ್ಷಾರದೊಡನೆ ಕೂಡಿ ಬಿಳಿಯ ಬಗ್ಗಡವಾಗುತ್ತದೆ. ಅದಕ್ಕೂ ಮಿಗಿಲಾದ ತೊಡಕೆಂದರೆ ಇಂದಿನ ಟ್ಯಾಂಕರಿನ ನೀರು ನಾಳೆಯದಲ್ಲ. ಇಂಥಲ್ಲಿ ಡಾರ್ಕ್‌ರೂಮ್ ಹೂಡುವವರು ಡೆವಲಪರಿಗಾದರೂ ಬಟ್ಟಿಯಿಳಿಸಿದ ನೀರನ್ನೇ ಬಳಸಿದರೆ, ವ್ಯತ್ಯಾಸದ ಕಾರಣಗಳಲ್ಲಿ ಒಂದನ್ನು ಕಳೆದಂತಾಗುತ್ತದೆ.

ಎಲ್ಲ ಕಾಗದಗಳೂ ಈ ವಿಧಾನಕ್ಕೆ ಒಗ್ಗುವುದಿಲ್ಲ. 1960ರಲ್ಲಿ ಉದಕಮಂಡಲದಲ್ಲಿ ಸ್ಥಾಪನೆಯಾಗಿ 'ಇಂದು' ಹೆಸರಿನಲ್ಲಿ ಫಿಲ್ಮು, ಕಾಗದಗಳನ್ನು ಒದಗಿಸಿದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಈಗ ಉತ್ಪಾದಿಸುತ್ತಿಲ್ಲ. ಕೊಡಕ್ ಸಂಸ್ಥೆ ಕಪ್ಪು-ಬಿಳುಪು ಕಾಗದ ತಯಾರಿಕೆಯನ್ನು ನಿಲ್ಲಿಸುವುದಾಗಿ 2005ರಲ್ಲಿ ಪ್ರಕಟಿಸಿತು. ಉಳಿದಿರುವವುಗಳಲ್ಲಿ ಜೆಕ್ ದೇಶದ ಫೋಮಾ ಕಾಗದಗಳು ಲಿತ್ ಮುದ್ರಕರಿಗೆ ಪ್ರಿಯವಾಗಿವೆ. ಕಾಗದ ಬದಲಾದರೆ ಹಳೆಯ ಅಳತೆಗಳೆಲ್ಲ ನಿರುಪಯುಕ್ತ.

ಬಣ್ಣದ ತೀರ್ಮಾನವನ್ನು ಟ್ರೇಯಲ್ಲಿ ಮಾಡತಕ್ಕದ್ದಲ್ಲ; ಹೈಪೊದಲ್ಲಿ ಒಂದು ಬಗೆ, ಒಣಗಿದಾಗ ಮತ್ತೊಂದು ಬಗೆ. ಹೀಗಾಗಿ ಅನುಭವಿ ಮುದ್ರಕರ ಜ್ಞಾನವನ್ನು ಸಂಗ್ರಹಿಸಹೊರಟ ಕ್ಷೇತ್ರಕಾರ್ಯಕರ್ತರು ಮಾತನ್ನಷ್ಟೇ ಧ್ವನಿಮುದ್ರಿಸಿಕೊಂಡರೆ ಸಾಲದು. ಒಣಗಿದ ಪ್ರತಿಯೊಂದರ ಹಿಂಬದಿಯಲ್ಲಿ ಕಾಗದ, ಬೆಳಕು, ನೀರಿನ ಪ್ರಮಾಣ, ಉಷ್ಣತೆ, ದ್ರಾವಣದಲ್ಲಿ ಅದು ಎಷ್ಟನೆಯ ಪ್ರತಿ ಎಂಬುದನ್ನು ಪೆನ್ಸಿಲಿನಲ್ಲಿ ಗುರುತಿಸಿ, ಪ್ರತಿಗಳನ್ನು ಮುದ್ರಿತವಾದ ಕ್ರಮದಲ್ಲಿಯೇ ಕಾಪಿಡಬೇಕು.