ಕಸೂತಿ ಎಂದರೆ ಹತ್ತಿ ನೂಲಿನ ಕೆಲಸವೇ? ಹಿಂಬದಿ ಬೇರೆ ಕಂಡರೆ ನಕಲಿಯೇ?

‘ಕಸೂತಿ ಎಂದರೆ ಕೈ + ಸೂತಿ, ಅಂದರೆ ಕೈಯಲ್ಲಿ ಹಾಕಿದ ಹತ್ತಿ ನೂಲಿನ ಕೆಲಸ. ರೇಷ್ಮೆ ದಾರವಿದ್ದರೆ ಅಥವಾ ಹಿಂಬದಿ ಮುಂಬದಿಯಂತೆ ಕಾಣದಿದ್ದರೆ ಅದು ನಕಲಿ, ಕೊಳ್ಳಬೇಡಿ.’ ಇಂಥ ಸಂದೇಶ ನಿಮ್ಮ ವಾಟ್ಸಾಪ್‌ ಗುಂಪಿಗೂ ಬಂದಿದ್ದರೆ ಮುಂದಕ್ಕೆ ಕಳಿಸುವ ಮೊದಲು ಇದನ್ನು ಓದಿ. ಇದರಲ್ಲಿ ಸ್ವಲ್ಪ ಮಾತ್ರ ನಿಜ. ಪೂರ್ತಿ ನಂಬಿದರೆ, ದಿನಗಟ್ಟಲೆ ಕೂತು ಕೈಯಲ್ಲೇ ಹಾಕಿದ ಹೆಣ್ಣುಮಗಳ ಸೀರೆಯನ್ನೇ ನಾವು ನಕಲಿ ಎಂದು ವಾಪಸ್ ಕಳಿಸಿಬಿಡುತ್ತೇವೆ.

‘ಕೈ’ ಮತ್ತು ‘ಸೂತಿ’ ಸೇರಿ ಕಸೂತಿ ಆಯಿತು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಆದರೆ ಕೈಮಗ್ಗ, ಕೈದೋಟ, ಕೈಚೀಲಗಳಲ್ಲಿ ‘ಕೈ’ ಹಾಗೇ ಉಳಿದಿದೆ, ಇಲ್ಲಿ ಮಾತ್ರ ‘ಕ’ ಆಗಿದೆ. ಹಾಗಾಗಿ ಈ ವಿವರಣೆಯ ಮೇಲೆ ಹೆಚ್ಚು ಭಾರ ಹಾಕದಿರುವುದೇ ಒಳ್ಳೆಯದು. ಅದನ್ನು ಒಪ್ಪಿದರೂ ಪದದ ಹುಟ್ಟು ದಾರಕ್ಕೆ ನಿಯಮವಾಗುವುದಿಲ್ಲ. ಧಾರವಾಡದ ಕಡೆ ಇಳಕಲ್ ಸೀರೆಯ ಮೇಲೆ ರೇಷ್ಮೆ ದಾರದಲ್ಲೇ ಗೋಪುರ, ತೇರು, ಆನೆ, ತುಳಸಿ ಕಟ್ಟೆಗಳನ್ನು ಹಾಕುತ್ತ ಬಂದಿದ್ದಾರೆ.

ಇನ್ನು ಹಿಂಬದಿಯ ಮಾತು. ಕಸೂತಿಯಲ್ಲಿ ಮುಖ್ಯವಾಗಿ ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಗಿ, ಮೆಂತೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಸೂಜಿ ಹಾಕುತ್ತಾರೆ. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತ ಹೋಗಿ, ಅದೇ ದಾರಿಯಲ್ಲಿ ಬಿಟ್ಟ ಜಾಗ ತುಂಬುತ್ತ ವಾಪಸ್ ಬರುತ್ತದೆ. ಅದಕ್ಕೇ ಎರಡೂ ಬದಿ ಒಂದೇ ಥರ. ಮೆಟ್ಟಿಲಿನಂತೆ ಏರಿಳಿಯುವ ಮುರಗಿಯೂ ಹಾಗೇ. (ಗವಂತಿ ಎಂಬ ಹೆಸರು ‘ಗಂಟಿ’ನಿಂದ ಬಂತು ಎನ್ನುತ್ತಾರೆ. ತಮಾಷೆಯೆಂದರೆ ಕಸೂತಿಯಲ್ಲಿ ದಾರಕ್ಕೆ ಗಂಟೇ ಹಾಕುವುದಿಲ್ಲ!) ಆದರೆ ನೇಯ್ದಂತೆ ಕಾಣುವ ನೇಗಿ, ಮೆಂತೆಕಾಳಿನಂತೆ ತುಂಬಿಕೊಳ್ಳುವ ಮೆಂತೆ, ಇವೆರಡರ ಹಿಂಬದಿ ಬೇರೆಯೇ ಕಾಣುತ್ತದೆ. ಅದು ನಕಲಿಯ ಗುರುತಲ್ಲ, ಆ ಹೊಲಿಗೆಯ ಗುಣ.

ಹಾಗಾದರೆ ಯಂತ್ರದ ಕೆಲಸವನ್ನು ಗುರುತಿಸುವುದು ಹೇಗೆ? ದಿನದ ಮಾತಿನಲ್ಲಿ ನಾವು ಎಲ್ಲ ಎಂಬ್ರಾಯ್ಡರಿಗೂ ಕಸೂತಿ ಎನ್ನುವುದರಿಂದ ಅಂಗಡಿಯ ಚೀಟಿಯಲ್ಲಿ ಆ ಹೆಸರಿದ್ದರಷ್ಟೇ ಸಾಲದು. ಸೀರೆಯನ್ನು ತಿರುಗಿಸಿ ದಾರ ನೋಡಿ. ಯಂತ್ರ ಎರಡು ದಾರಗಳಲ್ಲಿ ಹೊಲಿಯುತ್ತದೆ, ಮೇಲಿನದೊಂದು, ಕೆಳಗಿನ ಬಾಬಿನ್‌ನದೊಂದು. ಮುಂದೆ ಬಣ್ಣಬಣ್ಣದ ಚಿತ್ತಾರ, ಹಿಂದೆ ಎಲ್ಲೆಡೆ ಒಂದೇ ಬಿಳಿ ಎಳೆ ಕಂಡರೆ ಅದು ಯಂತ್ರದ್ದು. ಕೈ ಕಸೂತಿಯಲ್ಲಿ ಹಿಂದಿನ ಆಕಾರ ಬದಲಾದರೂ ದಾರ, ಬಣ್ಣ ಮುಂದಿನವೇ ಆಗಿರುತ್ತವೆ. ಹಿಂಬದಿಯಲ್ಲಿ ದಾರವೇ ಕಾಣದಿದ್ದರೆ ಅದು ಬರೀ ಪ್ರಿಂಟ್.